ಟಚಪ್ ಇಲ್ಲದ ಆಲ್ಬಮ್

ನಮ್ಮ ಸ್ಟುಡಿಯೋದಣ್ಣನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ನಲವತ್ತು ವರ್ಷ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾಕ್ಕೆ ಒತ್ತಿ ಹಿಡಿದು, ಆ ರೆಪ್ಪೆ ಹಾಗೇ ಇಳಿದುಬಿಟ್ಟಿತ್ತು. ಕಾಫಿ ಕುಡಿಯುವಾಗಲೂ ಯಾರಿಗೋ ಗುರಿ ಹಿಡಿದಂತೆ ಕಾಣುತ್ತಿದ್ದರು. ಮದ್ದೂರಿನ ಬೇರೆ ಫೋಟೋದವರು 'ಸ್ಮೈಲ್' ಅಂದರೆ ಇವರು "ಉಸ್ರು ಬುಡವ್ವ" ಅನ್ನುತ್ತಿದ್ದರು. ಉಸಿರು ಬಿಟ್ಟಾಗಿನ ಮುಖವೇ ನಿಜವಾದ ಮುಖ ಅಂತ ಅವರ ಲೆಕ್ಕ.

ನನ್ನ ಮದುವೆಯ ಫೋಟೋ ತೆಗೆದವರೂ ಅವರೇ. ಮೂರು ವರ್ಷವಾದ ಮೇಲೆ ಒಂದು ಬೆಳಿಗ್ಗೆ ತಲೆ ತುಂಬ ಸೆರಗು ಹೊದ್ದು ಅವರ ಅಂಗಡಿಗೆ ಹೋದೆ. ಕಣ್ಣಿನ ಕೆಳಗೆ ಊದಿ ನೀಲಿಗಟ್ಟಿತ್ತು, ತುಟಿ ಒಡೆದಿತ್ತು. ನನ್ನ ಫೋನನ್ನು ಗಂಡ ಕಿತ್ತಿಟ್ಟುಕೊಂಡಿದ್ದ. ತವರಾದ ಕೆರಗೋಡಿನಲ್ಲಿ ಹಿರಿಯರು ನ್ಯಾಯಕ್ಕೆ ಕೂರುವಷ್ಟರಲ್ಲಿ ಊತ ಇಳಿದುಹೋಗುತ್ತದೆ, ಒಂದು ಸಾಕ್ಷಿ ಇರಲಿ ಅಂತ ನನ್ನ ಯೋಚನೆ. ಆದರೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. "ಫೋಟೋ ಬೇಕಿತ್ತಣ್ಣ" ಅಂದೆ, ಅಷ್ಟೇ. ಅವರೂ ಏನೂ ಕೇಳದೆ ಫೋಟೋ ತೆಗೆದು ಅಂಟಿಸಿದ ಕವರು ಕೊಟ್ಟರು. ನನ್ನ ಮುಖ ನಾನೇ ನೋಡಲಾರದೆ ಅದನ್ನು ಬಿಚ್ಚದೆಯೇ ಬಸ್ಸು ಹತ್ತಿದೆ.

ಹತ್ತು ದಿನದ ಮೇಲೆ ಹಿರಿಯರು ಜಗಲಿಯಲ್ಲಿ ಕೂತು ಕವರು ಬಿಚ್ಚಿದರು. ಫೋಟೋದಲ್ಲಿ ಊತ ಇಲ್ಲ, ಕಲೆ ಇಲ್ಲ, ತುಟಿ ನೆಟ್ಟಗಿದೆ. ನಮ್ಮ ಕಡೆ ಫೋಟೋ ಅಂದರೆ ಟಚಪ್ ಆಗಲೇಬೇಕು. ಮೊಡವೆ, ಮಚ್ಚೆ, ಗಾಯ ಎಲ್ಲ ಅಳಿಸಿ ಕೊಡದಿದ್ದರೆ ಗಿರಾಕಿಗಳು ಬೈಯುತ್ತಾರೆ. ಅಣ್ಣ ನನ್ನ ಮೇಲಿನ ಕನಿಕರಕ್ಕೆ ಇನ್ನಷ್ಟು ಮುತುವರ್ಜಿಯಿಂದ ಅಳಿಸಿದ್ದರು. ಮೊದಲಿನದನ್ನು ಇಟ್ಟುಕೊಂಡೂ ಇರಲಿಲ್ಲ. ಫೋಟೋ ಕೈಯಿಂದ ಕೈಗೆ ಹೋಯಿತು. ನ್ಯಾಯಕ್ಕೆ ಹಿರಿಯರಾಗಿ ಕೂತಿದ್ದ ನನ್ನ ದೊಡ್ಡಪ್ಪ, "ಮಕ ಲಕ್ಷಣವಾಗೇ ಅದಲ್ಲವ್ವ. ಓಗು, ಒಸಿ ತಾಳ್ಕೊಂಡು ಬಾಳಾಟ ಮಾಡು" ಅಂದರು.

ಹೋದೆ. ನಾಲ್ಕು ತಿಂಗಳಿಗೆ ಗಂಡನ ಒಂದೇಟಿಗೆ ಕೆನ್ನೆ ಊದಿ ಕಪ್ಪಾಯಿತು, ಎಡಗಿವಿ ಕೇಳಿಸದೇ ಹೋಯಿತು.

ಈ ಸಲ ಸ್ಟುಡಿಯೋಗೆ ಅವ್ವ ಜೊತೆಗೆ ಬಂದಳು. ನಡೆದದ್ದನ್ನೆಲ್ಲ ಅವಳೇ ಹೇಳಿದಳು. ಅಣ್ಣ ಸ್ಟೂಲಿನ ಮೇಲೆ ಕೂತರು. "ಒಳ್ಳೇದ್ ಮಾಡ್ದೆ ಅನ್ಕೊಂಡಿದ್ನಲ್ಲವ್ವ" ಅಂದರು. ಎದ್ದು ಫೋಟೋ ತೆಗೆದರು. ಅವತ್ತು "ಉಸ್ರು ಬುಡವ್ವ" ಅನ್ನಲಿಲ್ಲ. ಮತ್ತೆ ನ್ಯಾಯ ಕೂತಾಗ ಆ ಫೋಟೋ ನೋಡಿದ ದೊಡ್ಡಪ್ಪ ಅದನ್ನು ಪಕ್ಕದವರಿಗೆ ದಾಟಿಸಲಿಲ್ಲ, ತೊಡೆಯ ಮೇಲೆ ಬೋರಲು ಹಾಕಿಕೊಂಡರು. ನಾನು ಮತ್ತೆ ಗಂಡನ ಮನೆಗೆ ಹೋಗಲಿಲ್ಲ.

ಅಣ್ಣ ಸ್ಟುಡಿಯೋದಲ್ಲೇ ಆಲ್ಬಮ್ ಜೋಡಿಸುವ ಕೆಲಸ ಕೊಟ್ಟರು. ಆರು ವರ್ಷದಲ್ಲಿ ಅವರು ನನ್ನ ಎಡಗಡೆ ನಿಂತು ಮಾತಾಡಿದ್ದು ನೆನಪಿಲ್ಲ. ಒಂದು ಕತ್ತರಿ ಕೇಳಬೇಕಾದರೂ ಮೇಜು ಸುತ್ತಿ ಬಲಕ್ಕೆ ಬರುತ್ತಿದ್ದರು.

ನಾನು ಕೆಲಸಕ್ಕೆ ಸೇರಿದ ಕೆಲವೇ ದಿನಕ್ಕೆ ಅವರು ಒಂದು ಪುಸ್ತಕ ಶುರುಮಾಡಿದರು. ನೋಡಲು ಥೇಟ್ ಮದುವೆ ಆಲ್ಬಮ್ಮೇ, ಕೆಂಪು ವೆಲ್ವೆಟ್ಟಿನ ರಟ್ಟು, ಹೊಳೆಯುವ ದಪ್ಪ ಹಾಳೆ. ಎಡಪುಟದಲ್ಲಿ ಅವರೇ ತೆಗೆದ ಮದುವಣಗಿತ್ತಿ. ಬಲಪುಟದಲ್ಲಿ ಅದೇ ಹೆಣ್ಣು, ವರ್ಷಗಳು ಕಳೆದ ಮೇಲೆ, ಏಟು ತಿಂದ ಮುಖದಲ್ಲಿ. ಒಪ್ಪಿದ ಹೆಂಗಸರದ್ದು ಮಾತ್ರ, ಒಂದು ಚುಕ್ಕೆಯನ್ನೂ ಅಳಿಸದೆ. ಗಿರಾಕಿಗಳು ಮಾದರಿ ಆಲ್ಬಮ್ ನೋಡುವ ಬೆಂಚಿನ ಮೇಲೇ ಅದನ್ನೂ ಇಟ್ಟರು.

ಒಂದು ದಿನ ಮಳವಳ್ಳಿಯಿಂದ ಗಂಡಿನ ಕಡೆಯವರು ಮದುವೆ ಆರ್ಡರು ಕೊಡಲು ಬಂದರು. ಹುಡುಗನ ಸೋದರಮಾವ ಅದನ್ನು ತೆರೆದವನೇ ಸಿಡಿದುಬಿದ್ದ.

"ಸುಬಕಾರ್ಯಕ್ ಬಂದೋರ್ಗೆ ಇದೇನ್ರೀ ತೋರ್ಸದು?"

"ಇವೂ ನಾನೇ ತೆಗ್ದ ಮದ್ವೆಗಳು ಸ್ವಾಮಿ" ಅಂದರು ಅಣ್ಣ.

ಎಲ್ಲರೂ ಎದ್ದು ಹೋದರು. ಹುಡುಗನ ತಾಯಿ ಮಾತ್ರ ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದು ಇನ್ನೆರಡು ಹಾಳೆ ತಿರುವಿದರು. ಇಂಥವೇ ನಡೆದು ಆರ್ಡರು ಕಮ್ಮಿಯಾದವು. "ಬೀರುವಿನಲ್ಲಾದರೂ ಇಡಿ" ಅಂತ ನಾನು ರೇಗಿದೆ. "ಬೀರುಲಿಟ್ರೆ ಯಾರವ್ವ ನೋಡೋರು?" ಅಂದರು.

ಕೊನೆಯ ಪುಟ ನನ್ನದು. ಅಲ್ಲಿ ಎಡಕ್ಕೆ ಮದುವೆಯ ಫೋಟೋ ಇಲ್ಲ, ಜಗಲಿಯಲ್ಲಿ ಕೈಯಿಂದ ಕೈಗೆ ಹೋದ ಆ ಟಚಪ್ ಫೋಟೋ. ಬಲಕ್ಕೆ ಎರಡನೆಯ ಸಲದ್ದು. ಕೆಳಗೆ ಅವರದೇ ಸೊಟ್ಟ ಅಕ್ಷರದಲ್ಲಿ, 'ಇದನ್ನು ಅಳಿಸಿದವನು ನಾನು.'

"ಕಿತ್ತುಹಾಕಿ ಅಣ್ಣ. ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ" ಅಂದೆ.

"ನನ್ ಮ್ಯಾಲೆ ನಂಗದಲ್ಲವ್ವ" ಅಂದರು.

ನಾನು ಹೇಳಿದ್ದು ಸುಳ್ಳು. ಕಿವಿ ಗುಂಯ್ ಅನ್ನುವ ದಿನಗಳಲ್ಲಿ ಗಂಡನ ಮೇಲೆ ಬರುವಷ್ಟೇ ಸಿಟ್ಟು ಇವರ ಮೇಲೂ ಬರುತ್ತಿತ್ತು. ಅದು ಅವರಿಗೆ ಗೊತ್ತಿತ್ತು.

ಹೋದ ವರ್ಷ ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದರು. ಮಂಚ ಗೋಡೆಗೆ ಒತ್ತಿತ್ತು, ಇದ್ದದ್ದು ಒಂದೇ ಸ್ಟೂಲು. ಪಕ್ಕದ ಮಂಚದ ಇಕ್ಕಟ್ಟಿನಲ್ಲಿ ಒಂದೇ ಕಡೆ ತಿರುಗಿ ಕೂರಬೇಕಿತ್ತು, ಹಾಗೆ ಕೂತರೆ ಅವರು ನನ್ನ ಎಡಕ್ಕೇ ಆಗುತ್ತಿದ್ದರು. ಎದ್ದು ಸುತ್ತಿ ಬರಲು ಅವರ ಕೈಲಾಗುತ್ತಿರಲಿಲ್ಲ. ಕೊನೆಯ ದಿನ ಬೆಳಿಗ್ಗೆ ನಾನು ಕಿತ್ತಳೆ ಸುಲಿಯುತ್ತಿದ್ದಾಗ ಏನೋ ಹೇಳಿದರಂತೆ. ಪಕ್ಕದ ಮಂಚದ ಹೆಂಗಸು "ಕರೀತಾವ್ರೆ ನೋಡಮ್ಮ" ಅಂದ ಮೇಲೆ ತಿರುಗಿದೆ. ತುಟಿ ಆಡಿ ಮುಗಿದಿತ್ತು. "ಏನಣ್ಣ?" ಅಂತ ಬಲಗಿವಿಯನ್ನು ಬಾಯಿಯ ಹತ್ತಿರ ತಂದೆ. ಉಸಿರು ಮಾತ್ರ ಕೇಳಿಸಿತು. ಮಧ್ಯಾಹ್ನಕ್ಕೆ ಅದೂ ನಿಂತಿತು.

ಆಲ್ಬಮ್ ಇನ್ನೂ ಬೆಂಚಿನ ಮೇಲೇ ಇದೆ, ಕೊನೆಯ ಪುಟವೂ ಇದೆ. ಸಿಟ್ಟಿಲ್ಲ ಅಂತ ಈಗ ಹೇಳಿದರೆ ಅದು ಸುಳ್ಳಲ್ಲ. ಕೇಳಿಸಿಕೊಳ್ಳಲು ಅವರಿಲ್ಲ.