ಶಾಫ್ಟಿಗಿಟ್ಟ ಕುಂಕುಮ

ನಮ್ಮ ಬಾವ ಬೈಲಪ್ಪ ಹೊಟ್ಟೆಕಿಚ್ಚಿಗೆ ಹೊಸ ಯಂತ್ರದ ಕೆಲಸ ಕೆಡಿಸಿದ ಎಂದು ದೊಡ್ಡಬಳ್ಳಾಪುರದಲ್ಲಿ ಈಗಲೂ ಆಡಿಕೊಳ್ಳುವವರಿದ್ದಾರೆ. ಅವರ ಬಾಯಿಗೆ ಮಣ್ಣು ಬೀಳಲಿ.

ಬಾವ ಮಗ್ಗದ ಮನೆಯವನು. ಸೀರೆ ನೇಯುವುದು ಬಿಟ್ಟು ಊರಾಚೆಯ ವರ್ಕ್‌ಶಾಪಿಗೆ ಸೇರಿದ. ವಾಯುಪಡೆಯ ವಿಮಾನಗಳಲ್ಲಿ ತಿರುಗಿ ತಿರುಗಿ ಸವೆದ ಉಕ್ಕಿನ ಶಾಫ್ಟುಗಳು ಅಲ್ಲಿಗೆ ಬರುತ್ತಿದ್ದವು. ಉರಿಯುವ ಗನ್ನು ಹಿಡಿದು, ಕರಗಿದ ಲೋಹ ಎರಚಿ, ಸವೆದಷ್ಟನ್ನು ತುಂಬುವುದು ಅವನ ಕೆಲಸ. ನಾನು ಅಲ್ಲೇ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೆ.

ತೊಂಬತ್ತಾರರಲ್ಲಿ ಗನ್ನನ್ನು ತಾನೇ ಆಡಿಸುವ ಯಂತ್ರದ ಕೈ ಬಂತು. ಹೊಟ್ಟೆಕಿಚ್ಚು ಎಲ್ಲಿಯದು? ಹೊಗೆ ಕುಡಿದು ಬಾವನ ಎದೆ ಹಾಳಾಗಿತ್ತು. ಗಾಜಿನಾಚೆ ಕೂತು ಗುಂಡಿ ಒತ್ತುವ ಜಾಗ ಸಿಕ್ಕರೆ ಬದುಕಿಕೊಂಡೆ ಎನ್ನುತ್ತಿದ್ದ.

ಯಂತ್ರ ಶುರುವಾದದ್ದು ಆಯುಧಪೂಜೆಯ ದಿನ. ಮರಳು ಹೊಡೆದು ಒರಟು ಮಾಡಿದ ಶಾಫ್ಟನ್ನು ಬರಿಗೈಯಲ್ಲಿ ಮುಟ್ಟಿದರೂ ಲೇಪ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಬಾವ ಪ್ರತಿ ವರ್ಷ ಗನ್ನಿಗೆ ಮಾತ್ರ ಪೂಜೆ ಮಾಡುತ್ತಿದ್ದ. ಈ ಸಲ ಮ್ಯಾನೇಜರ್ ಗೋಪಾಲಪ್ಪನೇ ತಟ್ಟೆ ಹಿಡಿದ. ಯಂತ್ರಕ್ಕೆಲ್ಲ ಕುಂಕುಮವಿಟ್ಟು, ಭಕ್ತಿ ಉಕ್ಕಿ, ಶಾಫ್ಟಿಗೂ ಒಂದು ಬೊಟ್ಟು ಒತ್ತಿದ.

"ಅಯ್ಯೋ ಸಾರ್! ಮತ್ತೆ ಮರಳು ಹೊಡೀಬೇಕು," ಎಂದ ಬಾವ.

"ದೇವ್ರ ಕುಂಕುಮ ಕಣಯ್ಯ, ವಿಷ ಅಲ್ಲ. ಒರೆಸಿ ಬಿಡು, ಮುಹೂರ್ತ ಮೀರುತ್ತೆ."

ಒರೆಸಿದ್ದಾಯಿತು, ಯಂತ್ರ ಲೋಹ ಎರಚಿದ್ದೂ ಆಯಿತು. ತಪಾಸಣೆಗೆ ಬಂದ ಅಧಿಕಾರಿ ಉಗುರಿನಲ್ಲಿ ಕೆರೆದ. ಬೊಟ್ಟಿಟ್ಟ ಜಾಗದಲ್ಲೇ ಲೇಪ ಹಪ್ಪಳದಂತೆ ಎದ್ದು ಬಂತು. ಗೋಪಾಲಪ್ಪ ಬಾವನನ್ನು ನನ್ನ ಕಂಪ್ರೆಸರಿನ ಹಿಂದಕ್ಕೆ ಎಳೆದುಕೊಂಡು ಬಂದ.

"ಬೈಲಪ್ಪ, ನೀನೇ ಮುಟ್ಟಿದ್ದು ಅಂದ್ಬಿಡಪ್ಪ. ಬಿಸಿ ಆರಿದ್ಮೇಲೆ ನಾನೇ ನಿಜ ಹೇಳಿ ನಿನ್ನನ್ನ ಮಿಷಿನ್ನಿಗೆ ಕೂರಿಸ್ತೀನಿ. ನಿನ್ನ ಋಣ ಇಟ್ಕೊಳಲ್ಲ."

ಗುಂಡಿ ಒತ್ತುವ ಜಾಗದ ಆಸೆಗೆ ಬಾವ ಹೂಂ ಅಂದ. ಸಂಜೆಯೊಳಗೆ ಅವನನ್ನು ಗೇಟಿನಾಚೆ ಹಾಕಿದರು. ನಾನು ಗೋಪಾಲಪ್ಪನ ಕೊರಳಪಟ್ಟಿ ಹಿಡಿದೆ.

"ಬಿಡಲೇ, ಮಾತು ಕೊಟ್ಟವ್ರೆ," ಎಂದು ಬಾವನೇ ನನ್ನ ಕೈ ಬಿಡಿಸಿದ. ಗೇಟಿನಾಚೆ ನಾನೂ ನಡೆದೆ.

ಬಾವ ಮತ್ತೆ ಮಗ್ಗಕ್ಕೆ ಕೂತ. ಪ್ರತಿ ಆಯುಧಪೂಜೆಗೆ ಗೋಪಾಲಪ್ಪನಿಂದ ಕಡ್ಲೆಪುರಿ, ಸಿಹಿ ಬರುತ್ತಿತ್ತು. ನಮ್ಮಕ್ಕ ಅಂಜಿನಮ್ಮ ಅದನ್ನು ದನಕ್ಕೆ ಸುರಿಯುತ್ತಿದ್ದಳು. ಕೆಮ್ಮಿ ಕೆಮ್ಮಿಯೇ ಬಾವ ಹೋದ.

ತಿಥಿಗೆ ಗೋಪಾಲಪ್ಪ ಹಾರ ಹಿಡಿದು ಬಂದ. ಅಕ್ಕ ಬಾಗಿಲಲ್ಲೇ ತಡೆದಳು.

"ಹಾರ ಆಮೇಲೆ ಸಾರ್. ಕುಂಕುಮ ಇಟ್ಟೋರು ಯಾರು ಅಂತ ಇಷ್ಟು ಜನದ ಮುಂದೆ ಹೇಳಿ."

"ಈಗ ಹೇಳಿ ಯಾರಿಗೇನು ಬಂತಮ್ಮ?"

"ನನಗೆ."

ಹಾರವನ್ನು ಜಗುಲಿಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಮಾತು ಇವತ್ತಿಗೂ ಬಾಕಿ.