ಎರಡು ಸಂಘ, ಒಂದು ಮುಚ್ಚಳ

ಇವತ್ತು ಭಾನುವಾರ ಬೆಳಿಗ್ಗೆ ಫ್ರಿಜ್ಜಿನ ಮೇಲಿಂದ ಕಾರ್ನ್‌ಫ್ಲೇಕ್ಸ್ ಡಬ್ಬ ಎಳೆಯಲು ಹೋದೆ. ಅದರ ಹಿಂದೆ ಒರಗಿಸಿಟ್ಟಿದ್ದ ದೊಡ್ಡ ಸ್ಟೀಲ್ ಮುಚ್ಚಳ ಜಾರಿ ನೆಲಕ್ಕೆ ಬಿತ್ತು. ಬೀಳುವುದಕ್ಕೆ ತೆಗೆದುಕೊಂಡದ್ದಕ್ಕಿಂತ ಸುಮ್ಮನಾಗುವುದಕ್ಕೆ ತೆಗೆದುಕೊಂಡ ಹೊತ್ತೇ ಹೆಚ್ಚು. ಸುತ್ತಿ ಸುತ್ತಿ, ಝಣಗುಟ್ಟಿ, ಇನ್ನೇನು ನಿಂತಿತು ಅನ್ನುವಾಗ ಮತ್ತೊಂದು ಸುತ್ತು. ಕೆಳಗಿನ ಮನೆಯ ಅಜ್ಜಿ ಪೊರಕೆಯ ಹಿಡಿಯಿಂದ ತನ್ನ ಸೂರನ್ನು ಗುದ್ದಿದಳು. ಶಾರ್ಲಟ್ ಪಕ್ಕದ ಫೋರ್ಟ್ ಮಿಲ್‌ನ ಈ ಅಪಾರ್ಟ್‌ಮೆಂಟಿನಲ್ಲಿ ನಮ್ಮಿಬ್ಬರ ನಡುವೆ ನಡೆಯುವ ಸಂಭಾಷಣೆ ಅದೊಂದೇ.

ಆ ಮುಚ್ಚಳವನ್ನು ನೀವು ನೋಡಬೇಕು. ನನ್ನ ಮನೆಯ ಪಾತ್ರೆಗಳೆಲ್ಲ ಸಂಸಾರ ಸಮೇತ ಅದರಡಿ ಹೋಗಿ ಕೂರಬಹುದು. ಅಂಚಿನಲ್ಲಿ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ‘ಕನ್ನಡ ಸಂಘ’. ಇದು ನನ್ನದಲ್ಲ. ನನ್ನ ಹತ್ತಿರ ಉಳಿದುಕೊಂಡು ಎರಡು ಯುಗಾದಿ ಕಳೆದವು, ಯಾರೂ ಕೇಳಿಲ್ಲ. ಇನ್ನೊಬ್ಬರ ಸಾಮಾನು ಇಟ್ಟುಕೊಂಡವನು ಎಲ್ಲಿ ಕೇಳಿಬಿಡುತ್ತಾರೋ ಎಂದು ಹೆದರುತ್ತಾನೆ. ನಾನು ಯಾಕೆ ಕೇಳುತ್ತಿಲ್ಲ ಎಂದು ಹೆದರುತ್ತಿದ್ದೇನೆ. ಕಾರಣ ಹೇಳಬೇಕಾದರೆ ಬೆಲ್ಜಿಯಂನಿಂದ ಶುರುಮಾಡಬೇಕು. ಗಾಬರಿಯಾಗಬೇಡಿ, ನಾನೂ ಆ ದೇಶ ನೋಡಿದವನಲ್ಲ.

ಕೆಲವು ವರ್ಷಗಳ ಹಿಂದೆ ನಾನು ವಾಷಿಂಗ್ಟನ್ ಹತ್ತಿರದ ಒಂದು ವಿಶ್ವವಿದ್ಯಾಲಯಕ್ಕೆ ರಾಜ್ಯಶಾಸ್ತ್ರ ಓದಲು ಬಂದೆ. ಅಲ್ಲಿನ ಕನ್ನಡಿಗರಲ್ಲಿ ಎಂಜಿನಿಯರೂ ಅಲ್ಲದ, ಡಾಕ್ಟರೂ ಅಲ್ಲದ ಪ್ರಾಣಿ ಎಂದರೆ ನಾನೊಬ್ಬ. “ಏನು ಓದ್ತಿದೀಯಪ್ಪಾ?” ಎಂದು ಕೇಳಿದವರಿಗೆ “ಬೆಲ್ಜಿಯಂನ ರಾಜಕೀಯ ಪಕ್ಷಗಳ ಇತಿಹಾಸ” ಎಂದರೆ, ಮನೆಯಲ್ಲಿ ಸಾವಾಗಿದೆಯೇನೋ ಎಂಬಂತೆ ನನ್ನ ಭುಜ ತಟ್ಟಿ ಮುಂದೆ ಹೋಗುತ್ತಿದ್ದರು. ತಿಂಗಳೊಳಗೆ ನನ್ನ ಹೆಸರು ಎಲ್ಲರಿಗೂ ಮರೆತುಹೋಯಿತು. ನಾನು ‘ಬೆಲ್ಜಿಯಂ’ ಆದೆ. “ಬೆಲ್ಜಿಯಂಗೆ ಇನ್ನೊಂದು ಚಪಾತಿ ಹಾಕು” ಎನ್ನುವ ಮಟ್ಟಕ್ಕೆ.

ನನ್ನ ಇನ್ನೊಂದು ವಿದ್ಯೆ ಅಣಕು. ನಾನು ಅರಸೀಕೆರೆಯವನು. ಹುಬ್ಬಳ್ಳಿಯ ರೈಲೂ ಮೈಸೂರಿನ ರೈಲೂ ನಿಲ್ಲುವ ಪ್ಲಾಟ್‌ಫಾರಮ್ಮಿನಲ್ಲಿ ಬೆಳೆದವನಿಗೆ ಎರಡೂ ಕಡೆಯ ಕನ್ನಡ ಬಾಯಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಅಲ್ಲಿನ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಭರತನಾಟ್ಯದ ಮಕ್ಕಳು ಸೀರೆ ಸರಿಮಾಡಿಕೊಳ್ಳುವಷ್ಟು ಹೊತ್ತು ವೇದಿಕೆಯಲ್ಲಿ ನನ್ನನ್ನು ಬಿಡುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತವರನ್ನೇ ಒಬ್ಬೊಬ್ಬರಾಗಿ ಮಾಡಿ ತೋರಿಸುತ್ತಿದ್ದೆ. ಕೊನೆಗೆ ನನ್ನನ್ನೇ ಮಾಡುತ್ತಿದ್ದೆ: ತಟ್ಟೆಯಲ್ಲಿ ಎರಡನೇ ಸಲ ಬಡಿಸಿಕೊಳ್ಳಲು ನಾಚುವವನಂತೆ ನಟಿಸುತ್ತ ಮೂರನೇ ಸಲ ಬಡಿಸಿಕೊಳ್ಳುವ ವಿದ್ಯಾರ್ಥಿಯನ್ನು. ಚಪ್ಪಾಳೆ ಹೆಚ್ಚು ಬೀಳುತ್ತಿದ್ದುದು ಅದಕ್ಕೇ.

ಓದನ್ನೂ ಹಾಗೇ ಅಣಕು ಮಾಡುತ್ತ ಓದಿದೆ. ಬೆಲ್ಜಿಯಂ ಪುಟ್ಟ ದೇಶ; ತಿಂಡಿ ತಿಂದು ರೈಲು ಹತ್ತಿದರೆ ಊಟದ ಹೊತ್ತಿಗೆ ದೇಶ ಮುಗಿಯುತ್ತದೆ. ಉತ್ತರದಲ್ಲಿ ಡಚ್ಚು, ದಕ್ಷಿಣದಲ್ಲಿ ಫ್ರೆಂಚು, ಪೂರ್ವದ ಮೂಲೆಯಲ್ಲಿ ಒಂದು ಹಿಡಿ ಜರ್ಮನ್, ನಡುವೆ ಎರಡು ಭಾಷೆಯ ರಾಜಧಾನಿ. ಮೊದಮೊದಲು ಅಲ್ಲಿನ ಪಕ್ಷಗಳು ಭಾಷೆಗಾಗಿ ಒಡೆಯಲಿಲ್ಲ. ಶಾಲೆ ಚರ್ಚಿನದೋ ಸರ್ಕಾರದ್ದೋ ಎಂದು ಕ್ಯಾಥೊಲಿಕರೂ ಲಿಬರಲ್ಲರೂ ಕಿತ್ತಾಡಿದರು. ಆಮೇಲೆ ಗಣಿ, ಕಾರ್ಖಾನೆಗಳಿಂದ ಸಮಾಜವಾದಿಗಳು ಎದ್ದುಬಂದು ನಮಗೂ ವೋಟಿನ ಹಕ್ಕು ಕೊಡಿ ಎಂದರು. ಮೂರೂ ಪಕ್ಷಗಳಲ್ಲಿ ಎರಡೂ ಭಾಷೆಯವರು ಒಂದೇ ಸೂರಿನಡಿ ಕೂತು ಬೈದಾಡಿಕೊಳ್ಳುತ್ತಿದ್ದರು. ಬಹಳ ಕಾಲದ ಮೇಲೆ ಭಾಷೆಯ ಬೆಂಕಿ ಹೊತ್ತಿದಾಗ ಮೊದಲು ಕ್ಯಾಥೊಲಿಕರ ಪಕ್ಷ ಎರಡಾಯಿತು, ಆಮೇಲೆ ಲಿಬರಲ್ಲರದು, ಕೊನೆಗೆ ಸಮಾಜವಾದಿಗಳದು. ಇಡೀ ದೇಶದ ಪಕ್ಷ ಎನ್ನಿಸಿಕೊಳ್ಳುವ ದೊಡ್ಡ ಪಕ್ಷ ಒಂದೂ ಉಳಿಯಲಿಲ್ಲ. ಇದು ನನ್ನ ತಲೆಯಲ್ಲಿ ನಿಲ್ಲಲೆಂದು ನಾನು ಕ್ಯಾಥೊಲಿಕರಿಗೆ ಸಂಘದ ಮೂರ್ತಿ ಅಂಕಲ್ ದನಿ ಕೊಟ್ಟೆ, ಸಮಾಜವಾದಿಗಳಿಗೆ ಪಾಟೀಲ ಅಂಕಲ್ ದನಿ ಕೊಟ್ಟೆ, ಲಿಬರಲ್ಲರಿಗೆ ನನ್ನ ಪ್ರೊಫೆಸರರ ಕೆಮ್ಮು ಕೊಟ್ಟೆ.

ಮೂರ್ತಿ ಅಂಕಲ್ ಮೈಸೂರಿನವರು, ಎಂಜಿನಿಯರು. ವಾಷಿಂಗ್ಟನ್ ಪಕ್ಕದ ನದಿಯ ಈಚೆಗಿನ ಶ್ಯಾಂಟಿಲಿಯಲ್ಲಿ ಅವರ ಮನೆಯ ಬೇಸ್‌ಮೆಂಟೇ ನನ್ನ ಠಿಕಾಣಿ. ಪಾಟೀಲ ಅಂಕಲ್ ಬಾಗಲಕೋಟೆ ಕಡೆಯವರು, ಡಾಕ್ಟರು, ನದಿಯಾಚೆ ಜರ್ಮನ್‌ಟೌನಿನಲ್ಲಿದ್ದರು. ಇಬ್ಬರೂ ಸೇರಿ ಸಂಘ ಕಟ್ಟಿದವರು. ಪ್ರತಿ ಭಾನುವಾರ ಮೂರ್ತಿ ಅಂಕಲ್, ವಿಮಲಾ ಆಂಟಿ, ಹಿಂದಿನ ಸೀಟಿನಲ್ಲಿ ನಾನು, ಪಾಟೀಲರ ಮನೆಗೆ ಹೋಗುವುದು. ಶಾಂತಾ ಆಂಟಿ ರೊಟ್ಟಿ ಬಡಿಯುತ್ತಿರುವಾಗ ಊಟದ ಮೇಜಿನ ಮೇಲೆ ಮೂರ್ತಿ ಅಂಕಲ್ ತೋಳು ಚಾಚುವುದು. ಪಾಟೀಲ ಅಂಕಲ್ ಪಟ್ಟಿ ಕಟ್ಟಿ ಬಿಪಿ ನೋಡುವುದು. “ಮಾತಾಡಬ್ಯಾಡ್ರಿ ಮೂರ್ತಿ, ಮಾತಾಡಿದ್ರ ಏರ್ತೈತಿ” ಎನ್ನುವುದು ಅವರ ವಾರದ ಮಂತ್ರ. ಮೂರ್ತಿ ಅಂಕಲ್ ಸುಮ್ಮನಿರುತ್ತಿದ್ದುದು ವಾರದಲ್ಲಿ ಆ ಒಂದು ನಿಮಿಷ ಮಾತ್ರ.

ಅಂಥ ಒಂದು ಭಾನುವಾರ ಅವರಿಗೆ ಬೆಲ್ಜಿಯಂನ ಒಂದು ವಿಶ್ವವಿದ್ಯಾಲಯದ ಕತೆ ಹೇಳಿದೆ. ಭಾಷೆಯ ಜಗಳದಲ್ಲಿ ಅದು ಎರಡಾದಾಗ ಗ್ರಂಥಾಲಯದ ಪುಸ್ತಕಗಳನ್ನು ಬೆಸ ಸಂಖ್ಯೆಯವು ಒಬ್ಬರಿಗೆ, ಸಮ ಸಂಖ್ಯೆಯವು ಇನ್ನೊಬ್ಬರಿಗೆ ಎಂದು ಹಂಚಿದರು.

“ಕಾಮನ್ ಸೆನ್ಸ್ ಇಲ್ವೇನಯ್ಯಾ ಅವರಿಗೆ? ಮೊದಲ್ನೇ ವಾಲ್ಯೂಮ್ ಇಲ್ಲಿ, ಎರಡ್ನೇದು ಅಲ್ಲಿ!” ಎಂದು ಮೂರ್ತಿ ಅಂಕಲ್ ನಕ್ಕರು.

“ಏನ್ ಹುಚ್ಚ್ ಮಂದಿರೀ!” ಎಂದು ಪಾಟೀಲ ಅಂಕಲ್ ಕಣ್ಣೊರೆಸಿಕೊಂಡರು. “ಏರಿಸಿಬಿಟ್ಟಿ ನೋಡ್ ತಮ್ಮಾ ಇವ್ರ ಬಿಪೀನ. ಇನ್ನೊಮ್ಮೆ ನೋಡಬೇಕು.”

ಆ ಸಲದ ರಾಜ್ಯೋತ್ಸವದಲ್ಲಿ ನಡೆದದ್ದು ಇಷ್ಟು. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ. ಮಾಮೂಲಿನಂತೆ ಎಲ್ಲವೂ ತಡ. ಪಾಟೀಲ ಅಂಕಲ್ ತಮ್ಮ ಕಡೆಯವರನ್ನು ಕಲೆಹಾಕಿ ಕಲಿಸಿದ್ದ ನಾಟಕ ಕೊನೆಗೆ ಬಿತ್ತು. ಜನ ಅಷ್ಟರಲ್ಲಿ ಊಟದ ಸಾಲಿಗೆ ಎದ್ದಿದ್ದರು. ನಾಟಕ ಅರ್ಧಕ್ಕೆ ಬಂದಾಗ ಹಾಲ್‌ನ ಅವಧಿ ಮುಗಿಯಿತೆಂದು ಮೂರ್ತಿ ಅಂಕಲ್ ಮೈಕ್ ಆರಿಸಿದರು. ನಕಲಿ ಮೀಸೆಯಲ್ಲೇ ಪಾಟೀಲ ಅಂಕಲ್ ವೇದಿಕೆಯಿಂದ ಇಳಿದು ಬಂದರು.

“ನಿಮ್ಮ ಕನ್ನಡಕ್ಕ ಸಂಜಿ ಪೂರ್ತಿ, ನಮ್ಮ ಕನ್ನಡಕ್ಕ ಮೈಕ್ ಬಂದ್. ಹೌದಿಲ್ರಿ?”

“ಡಾಕ್ಟ್ರೇ, ಬಾಗಿಲು ಹಾಕೋನು ಬಂದು ನಿಂತಿದಾನೆ. ಇದ್ರಲ್ಲಿ ನಿಮ್ಮದು ನಮ್ಮದು ಎಲ್ಲಿಂದ ಬಂತು?”

“ಅದನ್ನ ನೀವು ಹೇಳಬೇಕು.”

ಆ ಮೀಸೆಯಾದರೂ ಕಳಚಿ ಬಿದ್ದಿದ್ದರೆ ಯಾರಾದರೂ ನಕ್ಕು ಮುಗಿಸುತ್ತಿದ್ದರೇನೋ. ಮುಂದಿನ ಭಾನುವಾರ ನಾವು ಜರ್ಮನ್‌ಟೌನಿಗೆ ಹೋಗಲಿಲ್ಲ. ಚಳಿ ಹೆಚ್ಚಾಗುವ ಹೊತ್ತಿಗೆ ನದಿಯ ಈಚೆಗೊಂದು ಸಂಘ, ಆಚೆಗೊಂದು ಸಂಘ ಎಂದು ತೀರ್ಮಾನವಾಯಿತು. ಹೊರಗೆ ಹೇಳಿಕೊಂಡ ಕಾರಣ ಟ್ರಾಫಿಕ್ಕು.

ಸಂಘದ ಆಸ್ತಿ ಎಂದರೆ ಯಾರೋ ಊರಿಂದ ಹೊತ್ತು ತಂದಿದ್ದ ಎರಡು ಸ್ಟೀಲ್ ಕೊಳಗ, ಅವುಗಳ ಎರಡು ಮುಚ್ಚಳ. ಒಂದು ಕೊಳಗ ಭಾರಿ ದೊಡ್ಡದು, ಇನ್ನೊಂದು ಸಾಧಾರಣ. ಹಂಚುವ ದಿನ ಪಾಟೀಲ ಅಂಕಲ್ ತಮ್ಮ ಗ್ಯಾರೇಜಿಗೆ ಬಚ್ಚಲುಮನೆಯ ತೂಕದ ಯಂತ್ರ ತಂದರು. ದೊಡ್ಡ ಕೊಳಗವನ್ನು ಅದರ ಮೇಲಿಟ್ಟರು. ಆಮೇಲೆ ಚಿಕ್ಕದನ್ನಿಟ್ಟರು, ಕಮ್ಮಿ ಬಂತು. ಮೂರ್ತಿ ಅಂಕಲ್ ಚಿಕ್ಕದರ ಮೇಲೆ ಒಂದು ಮುಚ್ಚಳ ಇಟ್ಟರು. ಸಾಲಲಿಲ್ಲ. ಇನ್ನೊಂದನ್ನೂ ಇಟ್ಟರು. ಮುಳ್ಳು ಸರಿಯಾಗಿ ಬಂದು ನಿಂತಿತು. ಒಬ್ಬ ಎಂಜಿನಿಯರು, ಒಬ್ಬ ಡಾಕ್ಟರು, ಇಬ್ಬರೂ ಬಗ್ಗಿ ಮುಳ್ಳು ನೋಡಿ ತಲೆಯಾಡಿಸಿದರು. ನ್ಯಾಯ ಸಿಕ್ಕಿತು. ದೊಡ್ಡ ಕೊಳಗ ಪಾಟೀಲರಿಗೆ. ಚಿಕ್ಕ ಕೊಳಗ, ಎರಡೂ ಮುಚ್ಚಳ ಮೂರ್ತಿಯವರಿಗೆ.

“ಡ್ಯಾಡ್, ವೈ ಡೋಂಟ್ ಯೂ ಜಸ್ಟ್ ಬೈ ಅನದರ್ ಪಾಟ್?” ಎಂದಳು ಪಾಟೀಲರ ಮಗಳು. ಅವಳನ್ನು ಒಳಗೆ ಕಳಿಸಿದರು. ನಾನು ಶಾಂತಾ ಆಂಟಿಯನ್ನು ನೋಡಿದೆ; ಅವರು ವಿಮಲಾ ಆಂಟಿಯನ್ನು ನೋಡುತ್ತಿದ್ದರು. ದಿನಾ ಅನ್ನ ಮಾಡುವ ಇಬ್ಬರು ಹೆಂಗಸರು ಅಲ್ಲೇ ನಿಂತಿದ್ದರು, ಇಬ್ಬರೂ ತುಟಿ ಬಿಚ್ಚಲಿಲ್ಲ.

ಯುಗಾದಿ ಹತ್ತಿರ ಬಂದಾಗ ಅದೇಕೆಂದು ಗೊತ್ತಾಯಿತು. ಶಾಂತಾ ಆಂಟಿಯ ಫೋನು: “ವಿಮಲಾ, ಮುಚ್ಚಳ ಬೇಕಾಗಿತ್ತಲ್ಲ.” ಫಾಯಿಲ್ ಹಾಕಿದರಾಯಿತು ಎಂದು ಮೂರ್ತಿ ಅಂಕಲ್ ಗೊಣಗಿದರೆ, “ಫಾಯಿಲ್ ಹಾಕಿದ್ರೆ ಅನ್ನ ಅರಳಲ್ಲ” ಎಂದು ವಿಮಲಾ ಆಂಟಿ ಖಡಾಖಂಡಿತವಾಗಿ ಹೇಳಿ ಮುಚ್ಚಳವನ್ನು ನನ್ನ ಕೈಗಿಟ್ಟರು. ಬೆಲ್ಜಿಯಂನ ಒಡೆದ ಪಕ್ಷಗಳೂ ಸರ್ಕಾರ ರಚಿಸುವಾಗ ಒಂದೇ ಮೇಜಿಗೆ ಬರಲೇಬೇಕು. ಇಲ್ಲಿ ಆ ಮೇಜು ನನ್ನ ಹಳೇ ಕಾರು. ಮುಚ್ಚಳ ಗಡಗಡಿಸದಿರಲೆಂದು ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುತ್ತಿದ್ದೆ. ಹಬ್ಬಕ್ಕೆ ಮೊದಲು ನದಿಯಾಚೆಗೆ, ಹಬ್ಬವಾದ ಮೇಲೆ ಈಚೆಗೆ.

ಎರಡೂ ಸಂಘದವರಿಗೆ ನನ್ನ ಅಣಕು ಬೇಕಿತ್ತು. ಈಚೆಯವರಿಗೆ ಪಾಟೀಲರದು, ಆಚೆಯವರಿಗೆ ಮೂರ್ತಿಯವರದು. ಅವೇ ದನಿ, ಅವೇ ಮಾತು, ಆದರೆ ನಗು ಬೇರೆ ಥರ ಬಂತು. ಮೊದಲು ನಾನು ಪಾಟೀಲ ಅಂಕಲ್ ಆಗುವಾಗ ಜನ ಅರ್ಧ ನನ್ನನ್ನು, ಅರ್ಧ ಮುಂದಿನ ಸಾಲಿನಲ್ಲಿದ್ದ ಅವರ ಮುಖವನ್ನು ನೋಡುತ್ತಿದ್ದರು. ಈಗ ನೋಡಲು ಆ ಮುಖ ಅಲ್ಲಿರಲಿಲ್ಲ. ನನ್ನ ಮೌಖಿಕ ಪರೀಕ್ಷೆಯಲ್ಲಿ ಪ್ರೊಫೆಸರರು ಕೆಮ್ಮಿ, “ಪಕ್ಷ ಒಡೆದ ಮೇಲೆ ನಾಯಕರ ಮಾತಿನಲ್ಲಿ ಏನು ಬದಲಾಗುತ್ತದೆ?” ಎಂದು ಕೇಳಿದಾಗ ನನಗೆ ತೋಚಿದ್ದು ಅದೊಂದೇ. ಮಾತು ಬದಲಾಗುವುದಿಲ್ಲ, ಬೈಸಿಕೊಳ್ಳುವವನು ಕೋಣೆಯಲ್ಲಿರುವುದಿಲ್ಲ ಎಂದೆ. ಅವರು ಇನ್ನೊಮ್ಮೆ ಕೆಮ್ಮಿ ಪಾಸು ಮಾಡಿದರು.

ಆಚೆಯ ದೀಪಾವಳಿಯಲ್ಲಿ ನಾನು ಮೂರ್ತಿ ಅಂಕಲ್ ಬೇಸ್‌ಮೆಂಟಿನ ಮೆಟ್ಟಿಲು ಹತ್ತುತ್ತ ನನಗೆ ಉಪದೇಶ ಮಾಡುವುದನ್ನು ತೋರಿಸಿದೆ: ನಾಲ್ಕು ಮೆಟ್ಟಿಲು, ನಡುವೆ ಉಸಿರು ಎಳೆದುಕೊಳ್ಳುವುದು, ಮತ್ತೆ ಉಪದೇಶ. ಹಾಲ್ ಬಿದ್ದು ಬಿದ್ದು ನಕ್ಕಿತು. ಇಳಿದು ಬಂದವನನ್ನು ಪಾಟೀಲ ಅಂಕಲ್ ಕೋಟುಗಳನ್ನು ನೇತುಹಾಕಿದ್ದ ಮೂಲೆಗೆ ಕರೆದೊಯ್ದರು.

“ನಡುವ ಉಸರು ಎಳದಿಯಲ್ಲ, ಅದು ನೀ ಸೇರಿಸಿದ್ದೋ, ಖರೇನ ಹಂಗ ಮಾಡ್ತಾರೋ?”

“ಹಾಗೇ ಮಾಡ್ತಾರೆ ಅಂಕಲ್. ಈಚೀಚೆಗೆ.”

ಅವರ ಮುಖ ಬಾಡಿತು. “ಅದು ಕಾಮಿಡಿ ಅಲ್ಲೋ ತಮ್ಮಾ. ಬಿಪಿ ನೋಡಿಸ್ಕೊಳ್ರಿ ಅಂತ ಹೇಳು. ನಾ ಹೇಳೀನಂತ ಹೇಳಬ್ಯಾಡ.”

ಬರುವ ದಾರಿಯುದ್ದಕ್ಕೂ ನಾನು ಮುಚ್ಚಳದೊಂದಿಗೆ ಆ ಮಾತನ್ನು ಬೇರೆ ಬೇರೆ ದನಿಯಲ್ಲಿ ಅಭ್ಯಾಸ ಮಾಡಿದೆ. ಮನೆಯಲ್ಲಿ ಬಾಯಿ ತೆರೆಯುವಷ್ಟರಲ್ಲಿ ಮೂರ್ತಿ ಅಂಕಲ್ ಹಿಡಿದುಬಿಟ್ಟರು. “ಯಾರು, ಡಾಕ್ಟ್ರು ಹೇಳಿಕಳಿಸಿದ್ರಾ? ಬೇಕಾದ್ರೆ ಅವರೇ ಬಂದು ಹೇಳ್ಲಿ.” ಬೇರೆ ಡಾಕ್ಟರ ಹತ್ತಿರ ಹೋಗಿ ಎಂದು ವಿಮಲಾ ಆಂಟಿ ಅಂದರೆ, ಗುರುತಿಲ್ಲದವರ ಮುಂದೆ ತೋಳು ಚಾಚುವುದಿಲ್ಲ ಎಂದರು. ಆಮೇಲೆ ಬೇಸ್‌ಮೆಂಟಿನಲ್ಲಿ ಮಲಗಿದವನು ಮೇಲಿನ ಹೆಜ್ಜೆಗಳನ್ನು ಆಲಿಸುವವನಾದೆ. ಹೆಜ್ಜೆ ನಿಂತರೆ ಎದ್ದು ಕೂರುತ್ತಿದ್ದೆ. ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಕೇಳಿದರೆ ಮತ್ತೆ ಮಲಗುತ್ತಿದ್ದೆ.

ಅಷ್ಟರಲ್ಲಿ ನನಗೆ ಶಾರ್ಲಟ್ಟಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಆಚೆಯ ದೀಪಾವಳಿಯಿಂದ ತಂದ ಮುಚ್ಚಳವನ್ನು ಕಾರಿನಿಂದ ಇಳಿಸುವ ಮೊದಲೇ ನಾನು ಗಂಟುಮೂಟೆ ಕಟ್ಟಿದ್ದೆ. ಡಿಕ್ಕಿಯಲ್ಲಿ ಹಾಸಿಗೆಯಡಿ ಅದೂ ಬಂದುಬಿಟ್ಟದ್ದು ಇಲ್ಲಿ ಸಾಮಾನು ಇಳಿಸುವಾಗ ಗೊತ್ತಾಯಿತು. ಇರಲಿ, ಯುಗಾದಿಗೆ ಶಾಂತಾ ಆಂಟಿ ವಿಮಲಾ ಆಂಟಿಯನ್ನು ಕೇಳುತ್ತಾರೆ, ವಿಮಲಾ ಆಂಟಿ ಹುಡುಕಿ ನನ್ನನ್ನು ಕೇಳುತ್ತಾರೆ ಎಂದುಕೊಂಡೆ. ಯುಗಾದಿ ಬಂತು, ದೀಪಾವಳಿ ಬಂತು, ಮತ್ತೊಂದು ಯುಗಾದಿ ಬಂತು. ಫೋನಿಲ್ಲ. ಹಾಗಾದರೆ ಆಚೆಯವರು ಈಚೆಯವರನ್ನು ಕೇಳುವುದನ್ನೇ ಬಿಟ್ಟರೇ? ಇದ್ದ ಒಂದೇ ಎಳೆಯನ್ನು ನಾನೇ ಡಿಕ್ಕಿಯಲ್ಲಿ ಹಾಕಿಕೊಂಡು ಬಂದುಬಿಟ್ಟೆನೇ? ಮೂರ್ತಿ ಅಂಕಲ್‌ಗೆ ನಾನೇ ಫೋನ್ ಮಾಡಬಹುದಿತ್ತು. ಆದರೆ ಅವರ ಬದಲು ವಿಮಲಾ ಆಂಟಿ ಎತ್ತಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮಾತಾಡಿದರೆ? ಆ ಒಂದು ಕ್ಷಣಕ್ಕೆ ಹೆದರಿ ನಾನು ಫೋನನ್ನು ಬರೀ ಒರೆಸಿ ಒರೆಸಿ ಇಡುತ್ತಿದ್ದೆ.

ಇವತ್ತು ಮುಚ್ಚಳದ ಸದ್ದು ಅಡಗಿದ ಮೇಲೆ ತಡೆಯಲಾಗಲಿಲ್ಲ. ಪಾಟೀಲರ ಮನೆಗೆ ಫೋನ್ ಮಾಡಿದೆ. ಅವರು “ಹಲೋ” ಎಂದ ಕೂಡಲೇ ನನ್ನ ದನಿ ಕೈಕೊಟ್ಟಿತು. ಹೆದರಿಕೆಯಾದಾಗ ನನ್ನ ಬಾಯಿಗೆ ಬೇರೆಯವರ ದನಿಯೇ ಬರುವುದು. ಬಂದದ್ದು ಮೂರ್ತಿ ಅಂಕಲ್‌ದು. ಉಸಿರು ಎಳೆಯುವುದನ್ನು ಮಾತ್ರ ಬಿಟ್ಟೆ.

“ಡಾಕ್ಟ್ರೇ, ನಾನು ಮೂರ್ತಿ. ನಮ್ಮ ಮುಚ್ಚಳ ನಿಮ್ಮಲ್ಲೇ ಉಳ್ಕೊಂಡ್ಬಿಡ್ತಾ ಅಂತ.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ಮೂರ್ತಿ ಅವ್ರು ನನ್ನ ಮುಂದನ ಕುಂತಾರ,” ಎಂದರು ಪಾಟೀಲ ಅಂಕಲ್ ನಿಧಾನವಾಗಿ. “ಕೈಗೆ ಪಟ್ಟಿ ಕಟ್ಟೀನಿ. ಮಾತಾಡಬ್ಯಾಡ್ರಿ ಅಂತ ಈಗರ ಹೇಳೀನಿ. ನೀ ಬೆಲ್ಜಿಯಂ ಅಲ್ಲೇನಲೇ?”

ಹೂಂ ಎಂದು ಒಪ್ಪಿಕೊಂಡೆ. “ಮುಚ್ಚಳ...” ಎಂದೆ.

“ಮುಚ್ಚಳ ಯಾರಿಗ್ ಬೇಕಾಗೈತಿ? ಎರಡೂ ಸಂಘಕ್ಕ ಈಗ ಕೇಟರಿಂಗ್‌ನವರು ಅನ್ನ ತರ್ತಾರ. ಮುಚ್ಚಳದ ಫೋನಿಲ್ಲ ಫಾನಿಲ್ಲ ಅಂತ ವಿಮಲಾ ಅವರ ಬ್ಯಾಸತ್ತು, ತಾವ ಕಾರ್ ನಡಸ್ಕೋತ ಬಂದು, ಇವರ್ನ ನನ್ನ ಬಾಗಿಲಾಗ ಇಳಿಸಿ ಹ್ವಾದ್ರು. ಭಾನುವಾರ ಭಾನುವಾರ ಹಂಗ ಇಳಸ್ತಾರ.”

“ಬಿಪಿ ಎಷ್ಟಿದೆ ಅಂಕಲ್?”

“ನೋಡಾಕ ನೀ ಬಿಟ್ರ ಅಲ್ಲ? ನಿನ್ನ ದನಿ ಸ್ಪೀಕರಿನಾಗ ಕೇಳಿ ಇವ್ರು ನಗಾಕತ್ತಾರ. ಇನ್ನೊಮ್ಮೆ ನೋಡಬೇಕು. ತಡಿ, ಇವ್ರಿಗೆ ಏನೋ ಹೇಳೋದೈತಂತ.”

ಪಟ್ಟಿ ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ ಒಂದು ಉಸಿರು. ಅದು ಸಲೀಸಾಗಿತ್ತೋ ಎಳೆದದ್ದೋ ಎಂದು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಏನಪ್ಪಾ ಬೆಲ್ಜಿಯಂ,” ಎಂದರು ಮೂರ್ತಿ ಅಂಕಲ್, “ನಾನೇನು ಅಷ್ಟು ಮೂಗಲ್ಲಿ ಮಾತಾಡ್ತೀನಾ?”

ಹಿಂದಿನಿಂದ ಪಾಟೀಲ ಅಂಕಲ್ ಕೂಗು ಕೇಳಿಸಿತು: “ಹೌದ್ರೀ ಮೂರ್ತಿ, ಥೇಟ್ ಹಂಗ ಮಾತಾಡ್ತೀರಿ!”