ಗಾಲಿಯ ಮೇಲಿನ ವಾಚನಾಲಯ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಸುರಪುರದ ನಮ್ಮ ವಾಚನಾಲಯ ಒಂದು ಕತ್ತಲೆ ಕೋಣೆಯಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮಾಸ್ತರರು ಹಳೆಯ ಬಂಡಿಯೊಂದಕ್ಕೆ ಹಲಗೆ ಹಾಸಿ, ನಾಲ್ಕು ಬಿದಿರು ನಿಲ್ಲಿಸಿ, ಮೇಲೆ ಈಚಲು ಚಾಪೆ ಕಟ್ಟಿಸಿದರು. ಅದರಲ್ಲಿ ಪತ್ರಿಕೆಗಳನ್ನಿಟ್ಟು ಚೌಕದಲ್ಲಿ ನಿಲ್ಲಿಸಿ, ಹೋಗಿಬರುವವರಿಗೆಲ್ಲ, "ನೆಳ್ಳಿಗೆ ಬರ್ರಿ, ಓದ್ರಿ" ಎನ್ನುತ್ತಿದ್ದರು. ಬೇರೆ ಮಾತು ಕಡಿಮೆ.

ಒಂದು ಮಧ್ಯಾಹ್ನ ಪೊಲೀಸ್ ಅಮೀನ ಬಂದ.

"ಇಜಾಜತ್ ಇಲ್ದ, ಸರಕಾರದ ಅಪ್ಪಣಿ ಇಲ್ದ ಕನ್ನಡ ಪತ್ರಿಕಿ ಓದಸಾಕತ್ತೀರಿ? ಈಗಿಂದೀಗ ಇಲ್ಲಿಂದ ತಗೀರಿ!"

"ಹೌದ್ರಿ ಸಾಹೇಬ್ರ, ತಗೀತೀನ್ರಿ."

ಮಾಸ್ತರರು ತಾವೇ ನೊಗ ಹಿಡಿದರು. ಬಂಡಿಯಲ್ಲಿ ಕೂತು ಓದುತ್ತಿದ್ದ ಮುದುಕರು ಇಳಿಯಹೋದಾಗ ಮಾತ್ರ, "ನೀವು ಇಳೀಬ್ಯಾಡ್ರಿ" ಎಂದರು. ನಾವು ಕೆಲವರು ಹಿಂದಿನಿಂದ ದೂಡಿದೆವು. ಬಂಡಿ ಚೌಕ ದಾಟಿ, ಓಣಿ ತಿರುಗಿ, ಸೇದುಬಾವಿಯ ಹತ್ತಿರ ನಿಂತಿತು.

ನೀರು ಸೇದುತ್ತಿದ್ದ ಹೆಂಗಸೊಬ್ಬಳು ಕೊಡ ಇಳಿಸಿ ಬಂದು ಕೇಳಿದಳು: "ಮಾಸ್ತರ್ರ, ಅದರಾಗ ಏನ್ ಬರದಾರ? ನಮಗೂ ಓದಿ ಹೇಳ್ರಿ."

ಮಾಸ್ತರರು ಬಂಡಿಯನ್ನು ಮತ್ತೆ ಚೌಕಕ್ಕೆ ಒಯ್ಯಲಿಲ್ಲ.